ಮಕ್ಕಳ ವಾರ್ಡಿನ್ಯಾಗ ಪದೇ ಪದೇ ಕೇಳೋ ಪ್ರಶ್ನೆಗಳು: ಮನಿಗೆ ಹೋದಮ್ಯಾಲ ಕೂಸಿನ್ನ ನೋಡ್ಕೊಳ್ಳೋರಿಗೆ

ನಾ ಗದಗಿನಾಕಿ, ಹುಬ್ಬಳ್ಳಿ ಒಳಗ ಮಕ್ಕಳ ವಾರ್ಡಿನ್ಯಾಗ ಸ್ಟಾಫ್ ನರ್ಸ್ ಆಗಿ 14 ವರ್ಷ ಆತು. ಅವ್ವಂದ್ರು, ಅಜ್ಜಿಗೋಳು, ಒಮ್ಮೊಮ್ಮೆ ಅಪ್ಪಂದ್ರು ಕೇಳೋ ಪ್ರಶ್ನೆ ಎಲ್ಲಾ ಇಲ್ಲಿ ಹಾಕೀನಿ. ಕೇಳ್ಬೇಕು ಅಂತ ಬಾಯಿತನಕ ಬಂದು, ಸಿಸ್ಟರ್ ಬೈತಾರಂತ ನುಂಗ್ಕೊಂಡಿದ್ದೂ ಅದಾವು. ನಿಮ್ಮ ಕೂಸಿನ ಡೋಸ್ ನಿಮ್ಮ ಡಾಕ್ಟರ್ ಚೀಟ್ಯಾಗ ಬರ್ದಿದ್ದೇ ಖರೆ, ಇಲ್ಲಿರೋದು ಅದನ್ನ ತಪ್ಪದಂಗ ಕೊಡೋದು ಹೆಂಗ ಅನ್ನೋದಕ್ಕ.

ಡಿಸ್ಚಾರ್ಜ್ ದಿನ ಸಿಸ್ಟರ್ ಎಲ್ಲಾ ಹೇಳ್ತಾರ, ಮನಿ ಮುಟ್ಟೋದ್ರಾಗ ಅರ್ಧ ಮರ್ತಿರ್ತೈತಿ. ಏನ್ ಮಾಡ್ಬೇಕ್ರಿ?

ಮರೀದ ಏನ್ ಮಾಡ್ತೈತ್ರಿ. ಅವತ್ತ ಅಪ್ಪ ಬಿಲ್ ಕೌಂಟರಿನ್ಯಾಗ ನಿಂತಿರ್ತಾನ, ಕೂಸು ಅಳ್ತಿರ್ತೈತಿ, ಕೆಳಗ ಆಟೋದಾಂವ ಹಾರ್ನ್ ಹೊಡೀತಿರ್ತಾನ, ಅಂಥಾದ್ರಾಗ ನಾವು ಐದು ಔಷಧ, ಮೂರು ಪಥ್ಯ, ಎರಡು ತಾರೀಖು ಒಂದ ಉಸಿರಿನ್ಯಾಗ ಹೇಳಿ "ತಿಳೀತಿಲ್ರಿ?" ಅಂತೀವಿ. ಎಲ್ಲಾರೂ "ಹೂಂ ರೀ" ಅಂತಾರ. ಅಲ್ಲ ಅಂದೋರ್ನ ನಾ ಇನ್ನೂ ನೋಡಿಲ್ಲ.

ಅದಕ್ಕ "ತಿಳೀತಾ" ಅಂತ ಕೇಳೋದನ್ನ ನಾ ಬಿಟ್ಟು ಭಾಳ ವರ್ಷ ಆತು. ಈಗ ಏನ್ ಕೇಳ್ತೀನಂದ್ರ, "ಮನಿಗೆ ಹೋದ ಕೂಡ್ಲೆ ನಿಮ್ಮ ಅತ್ತಿಯವ್ರು ಕೇಳ್ತಾರಲ್ಲ, ಏನಂದ್ರು ಸಿಸ್ಟರ್ ಅಂತ, ನಾನ ನಿಮ್ಮ ಅತ್ತಿ ಅಂತ ತಿಳ್ಕೊಂಡು ನಂಗ ಹೇಳ್ರಿ ನೋಡೂಣು." ಮೊದ್ಲ ನಗ್ತಾರ, ಆಮ್ಯಾಲ ಹೇಳಾಕ ಚಾಲೂ ಮಾಡ್ತಾರ, ಎಲ್ಲಿ ಗಂಟಲು ಹಿಡೀತೈತೋ ಅಲ್ಲೇ ನಾ ಸರೀಗಿ ಹೇಳಿಲ್ಲ ಅಂತ ಲೆಕ್ಕ. ತಪ್ಪು ಅವ್ರದಲ್ಲ, ನಂದು. ನಿಮ್ಮ ಸಿಸ್ಟರ್ ಹಿಂಗ ಕೇಳ್ಲಿಲ್ಲಂದ್ರ ನೀವ ಅನ್ರಿ: "ಸಿಸ್ಟರ್, ನಾ ಒಂದ್ಸಲ ತಿರುಗಿ ಹೇಳ್ತೀನಿ, ತಪ್ಪಿದ್ರ ಹೇಳ್ರಿ." ಎರಡು ನಿಮಿಷದ ಕೆಲಸ. ಫೋನಿನ್ಯಾಗ ರೆಕಾರ್ಡ್ ಮಾಡ್ಕೋಳ್ರಿ, ಕೇಳಿ ಮಾಡ್ಕೊಂಡ್ರ ಯಾರೂ ಬ್ಯಾಡ ಅನ್ನಂಗಿಲ್ಲ. ಮತ್ತ ಇನ್ಸುಲಿನ್, ದಮ್ಮಿನ ಪಂಪು (ಇನ್ಹೇಲರ್), ಮೂಗಿನ ನಳಿಗಿ ಇಂಥಾವ್ನ ಕಡೀ ದಿನಕ್ಕ ಬಿಡಬ್ಯಾಡ್ರಿ, ಅಡ್ಮಿಟ್ ಆದ ಎರಡ್ನೇ ದಿನದಿಂದ್ಲೇ "ಇವತ್ತ ನಾ ಮಾಡ್ತೀನಿ, ನೀವು ಬಾಜೂಕ ನಿಂದರ್ರಿ" ಅಂತ ಹೇಳ್ರಿ.

ಚೀಟಿ ಇಂಗ್ಲಿಷಿನ್ಯಾಗ ಇರ್ತೈತಿ, ಓದಾಕ ಬರಂಗಿಲ್ಲ

ಇದಕ್ಕ ಒಂದು ಕತಿ ಐತಿ. ನಾ ಹೊಸ್ದಾಗಿ ಸೇರಿದಾಗ ಒಬ್ಬ ಅಪ್ಪ ಊರಿಂದ ಫೋನ್ ಮಾಡಿ, "ಸಿಸ್ಟರ್, ಆ ಕೆಂಪು ಬಾಟ್ಲಿ ಔಷಧ ಹೆಂಗ್ರಿ" ಅಂದಾ. ನಾ ಫೈಲ್ ನೋಡಿ ಅವಸರದಾಗ "ಅದು ಬಿಡಿ ಐತ್ರಿ" ಅಂದು ಫೋನ್ ಇಟ್ಟೆ. ನಮ್ಮ ಭಾಷಾದಾಗ ಬಿಡಿ ಅಂದ್ರ ದಿನಕ್ಕ ಎರಡು ಸಲ. ಅವನ ಕಿವಿಗೆ ಬಿದ್ದಿದ್ದು "ಬಿಟ್ಟುಬಿಡಿ". ನಾಕು ದಿನ ಔಷಧ ಬಂದ್ ಮಾಡಿ ಕೂಸಿನ್ನ ತಿರುಗಿ ಕರ್ಕೊಂಡ್ ಬಂದಾ, ನನ್ನ ಮ್ಯಾಲ ಸಿಟ್ಟೂ ಆಗ್ಲಿಲ್ಲ, "ನೀವ ಅಂದ್ರಲ್ರಿ ಬಿಡಿ ಅಂತ" ಅಂದಾ ಅಷ್ಟ. ಇವತ್ತಿಗೂ ಆ ಮುಖ ನೆನಪಾಗ್ತೈತಿ.

ಒಡಿ ಅಂದ್ರ ದಿನಕ್ಕ ಒಂದ್ಸಲ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ, ಎಸ್‌ಒಎಸ್ ಅಂದ್ರ ಬೇಕಾದಾಗ ಮಾತ್ರ. ಎಚ್‌ಎಸ್ ಅಂದ್ರ ಮಲಗೋ ಮುಂದ. ಆದ್ರ ಇವನ್ನೆಲ್ಲಾ ನೀವು ಬಾಯಿಪಾಠ ಮಾಡೋ ಜರೂರಿಲ್ಲ. ಬಾಟ್ಲಿ ಮ್ಯಾಲನ ಕನ್ನಡದಾಗ ಬರಿಸ್ಕೋರಿ, ಓದಾಕ ಬರದಿದ್ರ ಗೀಟು ಹಾಕಿಸ್ಕೋರಿ, ಎರಡು ಸಲ ಅಂದ್ರ ಎರಡು ಗೀಟು. ಸೂರ್ಯಾ ಚಂದ್ರಾ ಚಿತ್ರಾ ತಗದ್ರೂ ನಡೀತೈತಿ, ನಾ ತಗೀತೀನಿ.

ಇನ್ನೊಂದು, "ಮೂರು ಹೊತ್ತು" ಅಂದ್ರ ಊಟದ ಹೊತ್ತಂತ ತಿಳ್ಕೋತಾರ. ಹೊಲಕ್ಕ ಹೋಗೋ ಮನ್ಯಾಗ ಊಟ ಎರಡ ಹೊತ್ತು, ಔಷಧನೂ ಎರಡ ಸಲ ಆಗ್ತೈತಿ. ಗಡಿಯಾರದ ಟೈಮ್ ಕೇಳ್ಕೋರಿ.

5 ಎಂಎಲ್ ಅಂದ್ರ ಒಂದು ಚಮಚಾ ಹೌದಿಲ್ರಿ?

ಯಾವ ಚಮಚಾ? ನಿಮ್ಮನ್ಯಾಗ ಚಹಾದ ಚಮಚಾ ಒಂದು, ಉಪ್ಪಿಟ್ಟಿಂದು ಒಂದು, ಉಪ್ಪಿನಕಾಯಿ ಡಬ್ಬ್ಯಾಗಿಂದು ಒಂದು, ಮೂರೂ ಬ್ಯಾರೆ ಬ್ಯಾರೆ ಹಿಡೀತಾವು. ನಂಬಬ್ಯಾಡ್ರಿ. ಸೂಜಿ ಇಲ್ಲದ 5 ಎಂಎಲ್ ಸಿರಿಂಜ್ ಔಷಧಿ ಅಂಗಡ್ಯಾಗ ಕಡಿಮಿ ರೊಕ್ಕಕ್ಕ ಸಿಗ್ತೈತಿ. ಬಾಟ್ಲಿ ಅಲ್ಲಾಡಿಸಿ, ಎಳ್ಕೊಂಡು, ಗುಳ್ಳಿ ಹೊರಗ ಹಾಕಿ, ಕಣ್ಣಿನ ಮಟ್ಟಕ್ಕ ಹಿಡ್ದು ನೋಡ್ರಿ. ಕೂಸಿಗೆ ಅಂಗಾತ ಮಲಗಿಸಿ, ಮೂಗು ಹಿಡ್ದು ಗೊಟ್ಟದಾಗ ಹೊಯ್ದಂಗ ಹೊಯ್ಯೋದು ಬ್ಯಾಡ, ಪುಪ್ಪಸಕ್ಕ ಹೋಗ್ತೈತಿ. ಕುಂದರ್ಸಿಕೊಂಡು, ಸಿರಿಂಜ್ ತುದಿ ಗಲ್ಲದ ಒಳಬಾಜೂಕ ಇಟ್ಟು, ಸಣ್ಣಂಗ ಒತ್ತಿ, ನುಂಗಿದಮ್ಯಾಲ ಮತ್ತ ಸ್ವಲ್ಪ.

ಎಲ್ಲಾಕ್ಕಿಂತ ದೊಡ್ಡ ಗೊಂದಲ ಜ್ವರದ ಔಷಧದ್ದು, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಪ್ಯಾರಾಸಿಟಮಾಲ್ ಮೂರು ನಮೂನಿ ಬರ್ತೈತಿ. ಡ್ರಾಪ್ಸ್‌ನ್ಯಾಗ 1 ಎಂಎಲ್‌ಗೆ 100 ಎಂಜಿ. ಒಂದು ಸಿರಪಿನ್ಯಾಗ 5 ಎಂಎಲ್‌ಗೆ 120 ಎಂಜಿ, ಇನ್ನೊಂದ್ರಾಗ 5 ಎಂಎಲ್‌ಗೆ 250 ಎಂಜಿ. ಸಣ್ಣ ಬಾಟ್ಲಿ ಅಂದ್ರ ಕಮ್ಮಿ ಪವರ್ ಅಂತ ಎಲ್ಲಾರೂ ತಿಳ್ಕೋತಾರ, ಖರೇ ನೋಡಿದ್ರ ಆ ಸಣ್ಣ ಡ್ರಾಪ್ಸ್ ಬಾಟ್ಲಿನ ಮೊದಲ್ನೇ ಸಿರಪ್‌ಗಿಂತ ನಾಕು ಪಟ್ಟು ಜೋರ್ ಇರ್ತೈತಿ. 10 ಕೆಜಿ ಕೂಸಿಗೆ ಒಂದ್ಸಲಕ್ಕ ಸಾಮಾನ್ಯ 150 ಎಂಜಿ ಬರೀತಾರ, ಅಂದ್ರ ಡ್ರಾಪ್ಸ್ ಆದ್ರ ಒಂದೂವರಿ ಎಂಎಲ್, 120 ರ ಸಿರಪ್ ಆದ್ರ 6 ಎಂಎಲ್ ಚಿಲ್ಲರೆ, 250 ರದ್ದಾದ್ರ 3 ಎಂಎಲ್. ಅಂಗಡ್ಯಾಂವ "ಇದೂ ಅದರಂಗ ಐತಿ ತಗೋರಿ" ಅಂತ ಬ್ಯಾರೆ ಬಾಟ್ಲಿ ಕೊಟ್ರ ಎಂಎಲ್ ಬದಲಾಗ್ತೈತಿ, ಚೀಟಿ ಜೋಡಿ ಬಾಟ್ಲಿ ತೋರಿಸ್ದ ಕೊಡಬ್ಯಾಡ್ರಿ. ನೆಗಡಿ ಸಿರಪಿನ್ಯಾಗೂ ಇದ ಔಷಧ ಕೂಡಿರ್ತೈತಿ, ಎರಡೂ ಕೊಟ್ರ ಡಬಲ್ ಆತು.

ಉರಿ ಜೋರಾಗಿ ಕೂಸಿಗೆ ಝಟಕಿ ಬಂತು, ಉಳ್ಳಾಗಡ್ಡಿ ಮೂಸಿಸಿದ್ವಿ, ಕೈಯಾಗ ಕೀಲಿಕೈ ಕೊಟ್ವಿ

ಗೊತ್ತೈತ್ರಿ, ನಮ್ಮ ಮನ್ಯಾಗೂ ನಮ್ಮಜ್ಜಿ ಅದನ್ನ ಮಾಡ್ತಿದ್ಲು, ಚಪ್ಪಲಿ ಸುದ್ದಾ ಮೂಸಿಸ್ತಿದ್ಲು. ಫಿಟ್ಸ್ ಬಹುತೇಕ ತಾನಾಗೇ ಎರಡ್ಮೂರು ನಿಮಿಷದಾಗ ನಿಂದರ್ತೈತಿ, ಆದ್ರ ಹೆಸರು ಉಳ್ಳಾಗಡ್ಡಿಗೆ ಬರ್ತೈತಿ.

ಮಾಡೋದಿಷ್ಟ. ನೆಲದ ಮ್ಯಾಲ ಮಗ್ಗಲಾಗಿ ಮಲಗಿಸ್ರಿ, ಬಾಯಾಗಿನ ಜೊಲ್ಲು ಹೊರಗ ಹರೀಲಿ. ಕೊರಳಾಗಿನ ಬಟ್ಟಿ ಸಡಲ ಮಾಡ್ರಿ. ಬಾಯಾಗ ಚಮಚಾ, ಬೆರಳು, ನೀರು, ಗುಳಗಿ ಏನೂ ಬ್ಯಾಡ. ಕೈಕಾಲು ಗಟ್ಯಾಗಿ ಹಿಡ್ಕೊಳ್ಳೋದೂ ಬ್ಯಾಡ. ಒಬ್ಬರು ಗಡಿಯಾರ ನೋಡ್ರಿ, ಇನ್ನೊಬ್ಬರು ಫೋನಿನ್ಯಾಗ ವಿಡಿಯೋ ಮಾಡ್ರಿ, ಡಾಕ್ಟರಿಗೆ ಅದರಷ್ಟು ಉಪಯೋಗದ್ದು ಇನ್ನೊಂದಿಲ್ಲ. 5 ನಿಮಿಷ ದಾಟಿದ್ರ, ಇಲ್ಲಾ ಒಂದು ನಿಂತು ಎಚ್ಚರಾಗ್ದನ ಇನ್ನೊಂದು ಬಂದ್ರ, 108 ಕ್ಕ ಫೋನ್ ಮಾಡ್ರಿ. ಮೊದಲ್ನೇ ಸಲ ಬಂದಿದ್ರ ಎಷ್ಟ ಸಣ್ಣದಿದ್ರೂ ಅವತ್ತ ತೋರಿಸ್ರಿ. 6 ತಿಂಗಳದಿಂದ 5 ವರ್ಷದೊಳಗಿನ ಮಕ್ಕಳಿಗೆ ಜ್ವರದಾಗ ಬರೋ ಝಟಕಿ ಬಹುತೇಕ ಮೂರ್ಛಿರೋಗ ಆಗಿರಂಗಿಲ್ಲ, ದೊಡ್ಡಾದಂಗ ಹೋಗ್ತೈತಿ.

ಮೂರ್ಛಿರೋಗದ ಗುಳಗಿ ಎಷ್ಟ ದಿನಾ? ವರ್ಷಾತು ಒಂದೂ ಬಂದಿಲ್ಲ, ಬಂದ್ ಮಾಡ್ಲ್ಯಾ?

ಬಂದಿಲ್ಲ ಯಾಕಂದ್ರ ಗುಳಗಿ ನುಂಗ್ತದಂತ. ಸಾಮಾನ್ಯಾಗಿ ಎರಡು ವರ್ಷ ಒಂದೂ ಫಿಟ್ಸ್ ಇಲ್ಲದ್ರ ಡಾಕ್ಟರ್ ವಿಚಾರ ಮಾಡಿ ಸಾವಕಾಶ ಇಳಿಸ್ಕೋತ ಬರ್ತಾರ, ಒಮ್ಮೆಲೇ ಬಿಟ್ರ ನಿಂದ್ರದಂಥ ಫಿಟ್ಸ್ ಬರಬಹುದು. ಅಮಾಸಿಗೆ ಬರ್ತೈತಿ ಅಂತಾರಲ್ಲ, ನಾ ನೋಡಿದ್ದು ಬ್ಯಾರೆ. ಅಮಾಸಿ, ಜಾತ್ರಿ, ಮದವಿ ಅಂತ ಊರಿಗೆ ಹೋಗ್ತಾರ, ಗುಳಗಿ ಮನ್ಯಾಗ ಮರೀತಾರ, ರಾತ್ರಿ ನಿದ್ದಿ ಕೆಡಸ್ತಾರ, ಎರಡೂ ಕೂಡಿ ಮರುದಿನ ಫಿಟ್ಸ್. ಬ್ಯಾಗಿನ್ಯಾಗ ಐದ ದಿನದ್ದು ಯಾವಾಗ್ಲೂ ಬ್ಯಾರೆ ಇಟ್ಟಿರ್ರಿ.

ಪಂಪು ಚಾಲೂ ಮಾಡಿದ್ರ ಚಟ ಆಗ್ತೈತಂತ?

ಇಲ್ರಿ. ಬ್ಯಾಡಗಿ ಕಡೆಯಿಂದ ಒಬ್ಬಾಕಿ ಅವ್ವ ಬರ್ತಿದ್ಲು, ಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸಕ್ಕ ಹೋಗಾಕಿ, ಹುಡುಗಗ ದಮ್ಮು. ಸೀಜನ್ ಚಾಲೂ ಆತಂದ್ರ ವಾರಕ್ಕೊಮ್ಮೆ ನೆಬುಲೈಜರ್. ಪಂಪು ಬರ್ದು ಕೊಟ್ಟಿದ್ರು, ಆಕಿ ದಿನಾ ಹೊಡೀತಿದ್ಲು ಸುದ್ದಾ, ಆದ್ರೂ ಕಡಿಮಿ ಇಲ್ಲ. ಒಂದಿನ ನಾ "ಅಕ್ಕಾರ, ನನ್ನ ಮುಂದ ಹೊಡೀರಿ ನೋಡೂಣು" ಅಂದೆ. ಆಕಿ ಪಂಪು ಅಲ್ಲಾಡಿಸಲಿಲ್ಲ, ಸ್ಪೇಸರ್ (ಪಂಪಿಗೂ ಮಾಸ್ಕಿಗೂ ನಡುವ ಇರೋ ಪ್ಲಾಸ್ಟಿಕ್ ಕೊಳವಿ) ಹಚ್ಚಿದ್ಲು, ಮಾಸ್ಕ್ ಮುಖಕ್ಕ ಒಂದು ಬೆರಳು ದೂರ ಹಿಡದ್ಲು, ಹುಡುಗಗ ನೋವಾಗಬಾರದಂತ. ಟುಸ್ ಟುಸ್ ಅಂತ ಎರಡೂ ಪಫ್ ಒಮ್ಮೆಲೇ ಒತ್ತಿ ತಗದಬಿಟ್ಲು. ಔಷಧ ಎಲ್ಲಾ ಗಾಳಿಗೆ. ಯಾರೂ ಆಕಿ ಕೈಯಿಂದ ಮಾಡಿಸಿ ನೋಡಿರಲಿಲ್ಲ, ಹೇಳಿದ್ರು ಅಷ್ಟ.

ಸರೀ ಕ್ರಮ: ಅಲ್ಲಾಡಿಸ್ರಿ, ಸ್ಪೇಸರಿಗೆ ಹಚ್ಚಿ, ಮಾಸ್ಕ್ ಮೂಗು ಬಾಯಿ ಎರಡಕ್ಕೂ ಗಟ್ಟಿ ಕೂಡಂಗ ಹಿಡೀರಿ, ಒಂದ ಪಫ್ ಒತ್ತಿ ಐದಾರು ಉಸಿರು ಎಣಸ್ರಿ, ಅರ್ಧಾ ನಿಮಿಷ ಬಿಟ್ಟು ಮತ್ತ ಅಲ್ಲಾಡಿಸಿ ಎರಡನೇದ್ದು. ದಿನಾ ತಗೊಳ್ಳೋ ಸ್ಟೆರಾಯ್ಡ್ ಪಂಪಾದ್ರ ಆಮ್ಯಾಲ ಬಾಯಿ ಮುಕ್ಕಳಿಸ್ಲಿ, ಮುಖಾ ಒರಸ್ರಿ. ಸ್ಪೇಸರ್ ಸಾಬೂನ ನೀರಿನ್ಯಾಗ ಅದ್ದಿ ಹಂಗ ಆರಾಕ ಇಡ್ರಿ, ಅರಿವಿಲೆ ಒಳಗ ಒರಸಿದ್ರ ಔಷಧ ಗೋಡಿಗೆ ಹತ್ಕೋತೈತಿ. ದಮ್ಮು ಬಂದಾಗಿನ ಪಂಪು ಬ್ಯಾರೆ, ದಿನಾ ತಗೊಳ್ಳೋದು ಬ್ಯಾರೆ, ಎರಡಕ್ಕೂ ಬಣ್ಣದ ಚಿಂದಿ ಕಟ್ಟಿ ಗುರ್ತಾ ಇಡ್ರಿ. ಮತ್ತ ಬಾಣಂತಿ ಖೋಲ್ಯಾಗ, ದಮ್ಮಿನ ಕೂಸಿನ ಮುಂದ ಲೋಬಾನ ಹೊಗಿ ದಯವಿಟ್ಟು ಬ್ಯಾಡ.

ಆ ಅವ್ವ ಆಮ್ಯಾಲ ಕೆಲಸದಿಂದ ಬಂದ ಕೂಡ್ಲೆ ಸೀರಿ ಬದಲಿ ಮಾಡಿ, ಕೈ ಮುಖಾ ತೊಕ್ಕೊಂಡ ಹುಡುಗನ್ನ ಮುಟ್ಟಾಕ ಹತ್ತಿದ್ಲು. ಅದನ್ನ ನಾ ಹೇಳಿರಲಿಲ್ಲ, ಆಕಿನ ಹುಡಕಿದ್ದು.

ಸಕ್ಕರಿ ಕಾಯಿಲೆ ಹುಡುಗಿಗೆ ಇನ್ಸುಲಿನ್ ಮನ್ಯಾಗ ನಾವ ಕೊಡಬೇಕಂತ. ಫ್ರಿಜ್ಜೂ ಇಲ್ಲ

ಮಕ್ಕಳಿಗೆ ಬರೋದು ಬಹುತೇಕ ಟೈಪ್ 1, ಗುಳಗಿ ನಡ್ಯಂಗಿಲ್ಲ, ಪಥ್ಯಾ ಮಾಡಿ ಇನ್ಸುಲಿನ್ ಬಿಡಸೋದೂ ಆಗಂಗಿಲ್ಲ. "ನಾಟಿ ಔಷಧದ್ಲೆ ಬಿಡಸ್ತೀವಿ" ಅಂದೋರ ಮಾತು ಕೇಳಿ ಐಸಿಯುಕ್ಕ ಬಂದ ಮಕ್ಕಳನ್ನ ನೋಡೀನಿ.

ಫ್ರಿಜ್ ಇಲ್ಲದಿದ್ರ ಚಿಂತಿಲ್ಲ. ಒಂದು ದೊಡ್ಡ ಮಣ್ಣಿನ ಗಡಿಗಿ, ಅದರಾಗ ಸಣ್ಣ ಗಡಿಗಿ, ನಡುವ ಹಸಿ ಉಸುಕು, ಒಳಗ ಪ್ಲಾಸ್ಟಿಕ್ ಡಬ್ಬ್ಯಾಗ ಇನ್ಸುಲಿನ್, ಮ್ಯಾಲ ಒದ್ದಿ ಅರಿವಿ. ಸೀಲ್ ಒಡದ ಬಾಟ್ಲಿ ನಾಕು ವಾರ ನಡೀತೈತಿ, ಒಡದ ತಾರೀಖು ಪೆನ್ನಿಲೆ ಬರೀರಿ. ಫ್ರಿಜ್ ಇದ್ದೋರು ಬಾಗಿಲದಾಗ ಇಡ್ರಿ, ಐಸ್ ಆಗೋ ಕಡೆ ಇಟ್ರ ಕೆಟ್ಟಂಗ.

ಸಿರಿಂಜಿನ ಮುಚ್ಚಳದ ಬಣ್ಣ ದಿನಾ ನೋಡ್ರಿ. ಕೆಂಪು ಮುಚ್ಚಳದ್ದು 40 ರ ಬಾಟ್ಲಿಗೆ (1 ಎಂಎಲ್‌ಗೆ 40 ಯೂನಿಟ್), ಕೇಸರಿ ಮುಚ್ಚಳದ್ದು 100 ರ ಬಾಟ್ಲಿಗೆ (1 ಎಂಎಲ್‌ಗೆ 100 ಯೂನಿಟ್). ಅದಲಿ ಬದಲಿ ಆತಂದ್ರ, 100 ರ ಬಾಟ್ಲಿಯಿಂದ ಕೆಂಪು ಸಿರಿಂಜಿನ್ಯಾಗ 10 ರ ಗೀಟಿನತನಕ ಎಳದ್ರ 25 ಯೂನಿಟ್ ಹೋಗ್ತೈತಿ. ಹೊಟ್ಟಿ, ತೊಡಿ, ತೋಳು ಜಾಗಾ ಬದಲಿ ಮಾಡ್ಕೋತ ಹೋಗ್ರಿ, ಒಂದ ಕಡೆ ಚುಚ್ಚಿದ್ರ ಗಂಟಾಗ್ತೈತಿ, ಅಲ್ಲಿ ಔಷಧ ಸರಿ ಹೀರಂಗಿಲ್ಲ.

ಬೆವರು, ನಡಗೋದು, ಸುಮ್ಸುಮ್ನ ಸಿಟ್ಟು, ಕಣ್ಣಿಗೆ ಮಬ್ಬು ಅಂದ್ರ ಸಕ್ಕರಿ ಇಳದೈತಿ ಅಂತ. ಮೀಟರಿನ್ಯಾಗ 70 ಕ್ಕಿಂತ ಕಡಿಮಿ ಇದ್ರ, ಮೀಟರ್ ಇರದಿದ್ರೂ, ದೊಡ್ಡ ಹುಡುಗರಿಗೆ ಮೂರು ಚಹಾದ ಚಮಚಾ ಸಕ್ಕರಿ ನೀರಿನ್ಯಾಗ ಕುಡಿಸ್ರಿ, 15 ನಿಮಿಷಕ್ಕ ಮತ್ತ ನೋಡ್ರಿ, ಆಮ್ಯಾಲ ರೊಟ್ಟಿ ಇಲ್ಲಾ ಅನ್ನ. ಸಣ್ಣ ಮಕ್ಕಳಿಗೆ ಎಷ್ಟಂತ ಮೊದ್ಲ ಬರಿಸ್ಕೊಂಡಿರ್ರಿ. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹೊಯ್ಯಬ್ಯಾಡ್ರಿ, ಮಗ್ಗಲಾಗಿ ಮಲಗಿಸಿ 108.

ಮುಖಾ ಬಾತು ಉಚ್ಚಿಯೊಳಗ ಪ್ರೋಟೀನ್ ಹೋಗ್ತೈತಿ ಅಂದಾರ, ದಿನಾ ಉಚ್ಚಿ ಯಾಕ ನೋಡಬೇಕು?

ಬಾವು ಕಣ್ಣಿಗೆ ಕಾಣೋಕಿಂತ ಮೊದ್ಲ ಉಚ್ಚಿ ಪರೀಕ್ಷಾ ಮಾಡೋ ಬಣ್ಣದ ಪಟ್ಟಿ ಹೇಳ್ತೈತಿ. ಬೆಳಿಗ್ಗೆದ್ದ ಮೊದಲ್ನೇ ಉಚ್ಚಿ, ಪಟ್ಟಿ ಅದ್ದಿ ಬಣ್ಣ ನೋಡಿ, ಡೈರಿಯಾಗ ಬರೀರಿ. ಮೂರು ದಿನ ಸಾಲಾಗಿ 3 ಪ್ಲಸ್ ಬಂದ್ರ ಡಾಕ್ಟರಿಗೆ ಫೋನ್. ಸ್ಟೆರಾಯ್ಡ್ ಗುಳಗಿ ಮುಖ ಗುಂಡಗ ಮಾಡ್ತೈತಿ, ಹಸಿವು ಹೆಚ್ಚಸ್ತೈತಿ, ಅದಕ್ಕಂತ ನೀವ ನಿಲ್ಲಿಸಬ್ಯಾಡ್ರಿ. ಬಾವಿದ್ದಾಗ ಹಪ್ಪಳ, ಉಪ್ಪಿನಕಾಯಿ, ಮಿರ್ಚಿ ಬಜಿ ಬಂದ್. ಗದಗಿನಾಕಿ ಆಗಿ ಮಿರ್ಚಿ ಬಜಿ ಬ್ಯಾಡ ಅನ್ನಾಕ ನಂಗೂ ಜೀವ ಬರಂಗಿಲ್ಲ.

ಜುಲಾಬಿಗೆ?

ದೊಡ್ಡ ಓಆರ್‌ಎಸ್ ಪಾಕೀಟು ಪೂರ್ತಿ 1 ಲೀಟರ್ ನೀರಿಗೆ, ಅರ್ಧಾ ಪಾಕೀಟು ಲೋಟಾದಾಗ ಕಲಿಸೋದಲ್ಲ. 24 ತಾಸಾದಮ್ಯಾಲ ಚೆಲ್ಲಿ ಹೊಸಾದು. ವಾಂತಿ ಆದ್ರ 10 ನಿಮಿಷ ಬಿಟ್ಟು ಚಮಚಾದ್ಲೆ ಮತ್ತ. ಝಿಂಕ್ 14 ದಿನ, ಜುಲಾಬು ನಿಂತ್ರೂ. ಎದಿಹಾಲು, ಗಂಜಿ ನಿಲ್ಲಿಸಬ್ಯಾಡ್ರಿ.

ಸಣ್ಣ ಕೂಸು, ಯಾವಾಗ ಓಡಿ ಬರಬೇಕಂತ ಹೆಂಗ ಗೊತ್ತಾಗ್ಬೇಕು?

ಹಾಲು ಕುಡ್ಯೋದು ಬಿಟ್ರ, ಮೈ ತಣ್ಣಗಾದ್ರ ಇಲ್ಲಾ ಉರಿ ಬಂದ್ರ, ಉಸಿರಾಡೋ ಮುಂದ ಪಕ್ಕಿ ಒಳಗ ಎಳದ್ರ, ಎಬ್ಬಿಸಿದ್ರೂ ಮಂಕಾಗಿದ್ರ, ಅಂಗಾಲು ಅಂಗೈತನಕ ಹಳದಿ ಆದ್ರ, ಮುಂಜಾನಿತನಕ ಕಾಯಬ್ಯಾಡ್ರಿ. ಉಸಿರು ಎಣಸೋದು ಕಲೀರಿ: ಕೂಸು ಸುಮ್ಮನಿದ್ದಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಹೊಟ್ಟಿ ನೋಡ್ರಿ. 2 ತಿಂಗಳದೊಳಗ 60, ವರ್ಷದೊಳಗ 50, 5 ವರ್ಷದೊಳಗ 40, ಅಷ್ಟಾತು ಇಲ್ಲಾ ದಾಟಿತಂದ್ರ ಅದು ಜೋರ್ ಉಸಿರು.

ಮತ್ತ ಬರಿ ಹಾಕೋದು. ಇನ್ನೂ ಬರ್ತಾವ್ರಿ, ಹೊಟ್ಟಿ ಮ್ಯಾಲ ಕಾಸಿದ ಬಳಿ ಗುರ್ತಾ ಇರೋ ಕೂಸುಗೋಳು. ನಿಮೋನಿಯಾ ಹಂಗ ಇರ್ತೈತಿ, ಮ್ಯಾಲ ಸುಟ್ಟ ಗಾಯ, ಅದಕ್ಕೊಂದು ನಂಜು. ನಾ ಮೊದ್ಲ ಇದಕ್ಕ ಭಾಳ ಬೈತಿದ್ದೆ. ಬೈಸ್ಕೊಂಡೋರು ಮುಂದಿನ ಸಲ ಕೂಸಿನ್ನ ಅರಿವ್ಯಾಗ ಮುಚ್ಚಿ ತಡಾ ಮಾಡಿ ತಂದ್ರು, ಅವತ್ತಿಂದ ಬೈಯೋದು ಬಿಟ್ಟೆ.

ಅಜ್ಜಿ ಕೇಳಂಗಿಲ್ರಿ. ಜನ್ಮಘುಟ್ಟಿ, ಜೇನತುಪ್ಪ ಅಂತ ಏನರೆ ಕೊಡ್ತಾನ ಇರ್ತಾರ

ಹಂಗಾದ್ರ ಅಜ್ಜಿನ್ನ ಕರ್ಕೊಂಡ ಬರ್ರಿ. ದಿನಾ ಕೂಸಿನ್ನ ನೋಡ್ಕೊಳ್ಳೋರು ಅವ್ರು, ನಾವು ಹೇಳೋದು ಸೊಸಿಗೆ, ಅಲ್ಲೇ ತಪ್ಪೋದು. ನಾ ಅಜ್ಜಿಗೆ ಖುರ್ಚಿ ಕೊಟ್ಟು, "ಅಮ್ಮಾ, ನೀವು ಎಷ್ಟು ಮಕ್ಕಳನ್ನ ಬೆಳಿಸೀರಿ" ಅಂತ ಮೊದ್ಲ ಕೇಳ್ತೀನಿ. ಆಮ್ಯಾಲ ಎಣ್ಣಿ ಹಚ್ಚೋದು ಛಲೋ, ಮೂಗಿನ್ಯಾಗ ಕಿವ್ಯಾಗ ಮಾತ್ರ ಬ್ಯಾಡ್ರಿ, ವರ್ಷ ಆಗೂತನಕ ಜೇನತುಪ್ಪ ಬ್ಯಾಡ್ರಿ ಅಂತೀನಿ. ನಾಕರಾಗ ಎರಡು ಒಪ್ಪಿದ್ರೂ ಅಜ್ಜಿ ನಮ್ಮ ಪಾರ್ಟಿ ಆದಂಗ.

ಸಿಸ್ಟರನ್ನ ನೋಡಿದ್ರ ಹುಡುಗ ಚೀರ್ತಾನ

ಮನ್ಯಾಗ "ಊಟಾ ಮಾಡ್ಲಿಲ್ಲಂದ್ರ ಸಿಸ್ಟರ್ ಸೂಜಿ ಚುಚ್ತಾರ ನೋಡು" ಅಂತ ಹೇಳೋರು ಯಾರ್ರಿ? ಅದನ್ನ ಮೊದ್ಲ ಬಿಡ್ರಿ, ಪಾಪಾ ನಮ್ಮ ಹೆಸರು ಕೆಡ್ತೈತಿ. "ಏನೂ ಆಗಂಗಿಲ್ಲ" ಅಂತ ಸುಳ್ಳೂ ಬ್ಯಾಡ, ಚುಚ್ಚಿದ ಕೂಡ್ಲೆ ನಿಮ್ಮ ಮ್ಯಾಲಿನ ನಂಬಿಕಿ ಹೋತು. "ಇರಿವಿ ಕಚ್ಚಿದಂಗ ಆಗ್ತೈತಿ, ಐದು ಎಣಸೋದ್ರಾಗ ಮುಗೀತೈತಿ, ನಾ ಕೈ ಹಿಡಕೊಂಡಿರ್ತೀನಿ" ಅನ್ರಿ. ಅಳಬ್ಯಾಡ ಅನ್ನಬ್ಯಾಡ್ರಿ, ಅಳ್ಲಿ, ಕೈ ಅಲ್ಲಾಡಿಸದಿದ್ರ ಸಾಕು. ಏಳೆಂಟು ವರ್ಷದೋರಿಗೆ ಅವ್ರ ಕಾಯಿಲೆ ಹೆಸರು ಹೇಳ್ರಿ, ಮರಿ ಮಾಡಿದ್ರ ಅದಕ್ಕಿಂತ ಕೆಟ್ಟದ್ದನ್ನ ಮನಸಿನ್ಯಾಗ ಅನ್ಕೋತಾವು.

ಸಾಲಿಗೆ ಹೇಳ್ಬೇಕೇನ್ರಿ? ಬ್ಯಾರೆ ಹುಡುಗರು ಆಡ್ಕೋತಾರ

ಹೇಳ್ರಿ. ಎಲ್ಲಾರಿಗೂ ಬ್ಯಾಡ, ಕ್ಲಾಸ್ ಟೀಚರಿಗೆ ಮತ್ತ ಹೆಡ್‌ಮಾಸ್ತರಿಗೆ. ಒಂದು ಹಾಳಿ ಮ್ಯಾಲ ಕನ್ನಡದಾಗ ಕಾಯಿಲೆ ಹೆಸರು, ಏನಾದ್ರ ಏನ್ ಮಾಡಬೇಕು, ಎರಡು ಫೋನ್ ನಂಬರ್ ಬರ್ದು ಕೊಡ್ರಿ. ಸಕ್ಕರಿ ಹುಡುಗಿ ಕ್ಲಾಸಿನ್ಯಾಗ ಬಿಸ್ಕೀಟು ತಿಂದ್ರ ಬೈಬಾರದಂತ ಟೀಚರಿಗೆ ಗೊತ್ತಿರ್ಬೇಕಲ್ಲ.

ರೊಕ್ಕ?

ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಮನಿಗೆ ವರ್ಷಕ್ಕ 5 ಲಕ್ಷದತನಕ ಐತಿ, ಸರಕಾರಿ ದವಾಖಾನಿ ರೆಫರಲ್ ಚೀಟಿ ಮೊದ್ಲ ಮಾಡಿಸ್ರಿ. ಹುಟ್ಟಾನ ಬಂದ ಹೃದಯದ ತೂತು, ಸೀಳು ತುಟಿ, ವಂಕಿ ಪಾದ ಇಂಥಾವಕ್ಕ 18 ವರ್ಷದತನಕ ಆರ್‌ಬಿಎಸ್‌ಕೆ (ಮಕ್ಕಳನ್ನ ತಪಾಸಣಿ ಮಾಡೋ ಸರಕಾರಿ ಯೋಜನೆ) ತಂಡ ಐತಿ, ಅಂಗನವಾಡಿಗೂ ಸರಕಾರಿ ಸಾಲಿಗೂ ಅವ್ರ ಬರ್ತಾರ, ಆಶಾ ಅಕ್ಕನ್ನ ಕೇಳಿದ್ರ ಯಾವಾಗ ಬರ್ತಾರಂತ ಹೇಳ್ತಾಳ.

ಇದು ಕೂಸಿಂದಲ್ಲ, ನಂದು. ನಿದ್ದಿ ಇಲ್ಲ, ಸುಮ್ಮ ಅಳು ಬರ್ತೈತಿ

ಈ ಪ್ರಶ್ನೆ ಯಾವಾಗ್ಲೂ ರಾತ್ರಿ ಡ್ಯೂಟ್ಯಾಗ ಬರ್ತೈತಿ, ಎರಡು ಗಂಟೆಕ್ಕ, ನೀರು ತುಂಬ್ಕೊಳ್ಳೋ ನೆಪಾ ಮಾಡಿ ನಮ್ಮ ಟೇಬಲ್ ಕಡೆ ಬಂದಾಗ. ಮೊದ್ಲ ಊಟಾ ಆತಿಲ್ಲೋ ಅಂತ ಕೇಳ್ತೀನಿ, ಹತ್ತರಾಗ ಎಂಟು ಮಂದಿದು ಆಗಿರಂಗಿಲ್ಲ. ಕೂಸಿನ ಕೆಲಸ ಮನ್ಯಾಗ ಇನ್ನೊಬ್ಬರಿಗೆ ಕಲಿಸ್ರಿ, ಗಂಡಗ ಆಗ್ಲಿ ಮೈದುನಗ ಆಗ್ಲಿ, ಇನ್ಸುಲಿನ್ ಹಾಕೋದು ಹೆಂಗಸರ ಕೆಲಸ ಅಂತ ಎಲ್ಲೂ ಬರದಿಲ್ಲ. ಎರಡು ವಾರದ ಮ್ಯಾಲೂ ಅಳು ನಿಂದರದಿದ್ರ 14416 ಕ್ಕ ಫೋನ್ ಮಾಡ್ರಿ, ಟೆಲಿ ಮಾನಸ್ ಅಂತ ಮನಸಿನ ಆರೋಗ್ಯದ ಸರಕಾರಿ ಸಹಾಯವಾಣಿ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ. ಧಾರವಾಡದಾಗ ಡಿಮ್ಹಾನ್ಸ್ ಅಂತ ಮನಸಿನ ಕಾಯಿಲೆ ನೋಡೋ ಸರಕಾರಿ ದವಾಖಾನಿ ಐತಿ, ಅಲ್ಲಿಗೆ ಹೋದ್ರ ಹುಚ್ಚರು ಅಂತ ಅಲ್ಲ. ಅವತ್ತ ರಾತ್ರಿ ಮಟ್ಟಿಗೆ ನಾ ಮಾಡೋದು ಇಷ್ಟ: "ಅರ್ಧಾ ತಾಸು ಮಲಕ್ಕೋರಿ, ಕೂಸಿನ ಹತ್ರ ನಾ ಕುಂದರ್ತೀನಿ."